ನಡುನಡುವೆ ಒಂದು ನಿಜ

ಮನೆಯಿಂದ,
ಸೋಮವಾರ ಮಧ್ಯಾಹ್ನ

ನನ್ನ ಬಂಗಾರದ ತಮ್ಮನಿಗೆ (ಸಿಟ್ಟಿನಲ್ಲೂ ಕೈ ಹಾಗೆಯೇ ಬರೆಯುತ್ತದೆ, ಏನು ಮಾಡಲಿ),

ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಾ? ಚಳಿ ಬಿದ್ದರೆ ನಿನಗೆ ಎದೆ ಕಟ್ಟುತ್ತದೆ. ಕುತ್ತಿಗೆಗೆ ಏನಾದರೂ ಸುತ್ತಿಕೋ, ಬಿಗುಮಾನ ಬೇಡ. ಅಮ್ಮನನ್ನು ನೋಡಿಕೊಳ್ಳಲು ಗೊತ್ತು ಮಾಡಿದ್ದ ನರ್ಸಿನ ಅಣ್ಣ ಹಡಗಿನಲ್ಲಿ ಅಡುಗೆಯವನು. ನೀನು ಕೊಟ್ಟುಹೋದ ಗಡಿಯಾರದಂಗಡಿಯ ವಿಳಾಸಕ್ಕೆ ಅವನೇ ಇದನ್ನು ಮುಟ್ಟಿಸುತ್ತಾನೆ. ಹಾಗಾಗಿ ನಡುವೆ ಯಾರೂ ಒಡೆದು ಓದುವುದಿಲ್ಲ. ಅಮ್ಮನ ಸುದ್ದಿ ಕೊನೆಗೆ ಬರೆಯುತ್ತೇನೆ. ಹಾರಿಸಿಕೊಂಡು ಅಲ್ಲಿಗೆ ಹೋಗಬೇಡ, ನಿನ್ನ ಬುದ್ಧಿ ನನಗೆ ಗೊತ್ತು.

ನೀನು ದೇಶ ಬಿಟ್ಟು ಓಡಿಹೋದಮೇಲೆ ನಿನ್ನ ಮೇಲಧಿಕಾರಿ ಮೇಜರ್ ಸಾಹೇಬರು ನಮ್ಮ ಮನೆಗೆ ನೆಂಟರಿಗಿಂತ ಹೆಚ್ಚು ಬರುತ್ತಾರೆ. ಟೋಪಿಯನ್ನು ಟೆಲಿಫೋನಿನ ಪಕ್ಕ ಇಟ್ಟು, ಬಾಗಿಲು ಕಾಣುವ ಹಾಗೆ ಗೋಡೆಗೆ ಬೆನ್ನು ಕೊಟ್ಟು ಕೂರುತ್ತಾರೆ, ಥೇಟ್ ನಿನ್ನ ಹಾಗೆ. ನಿನ್ನ ಕೆಲಸ ಏನೆಂದು ನಮಗೆ ಹೇಳಿದ್ದೂ ಅವರೇ. ಇಷ್ಟು ವರ್ಷ ನೀನು ಸೈನ್ಯದಲ್ಲಿ ಕೂತು ನಕ್ಷೆ ಬರೆಯುತ್ತೀಯ ಎಂದು ನಂಬಿದ್ದೆವಲ್ಲೋ! ಚಿಕ್ಕಂದಿನಲ್ಲಿ ಹೊಟ್ಟೆಯಲ್ಲಿ ಒಂದು ಮಾತೂ ನಿಲ್ಲುತ್ತಿರಲಿಲ್ಲ, ಬೀದಿಗೆಲ್ಲ ಸಾರಿಕೊಂಡು ಬರುತ್ತಿದ್ದೆ ಎಂದು ಅಮ್ಮ ನಿನ್ನನ್ನು ‘ರೇಡಿಯೋ’ ಎಂದು ಕರೆಯುತ್ತಿದ್ದಳು. ಆ ರೇಡಿಯೋ ಕೊನೆಗೆ ಎರಡು ಸ್ಟೇಷನ್ ಹಿಡಿಯಿತು ನೋಡು.

ಗಡಿಯ ಆ ಕಡೆಯವರಿಗೆ ಸುದ್ದಿ ಮಾರುವವನ ಹಾಗೆ ನಟಿಸು ಎಂದು ನಿನ್ನನ್ನು ಕಳಿಸಿದ್ದು ತಾವೇ ಎಂದು ಮೇಜರ್ ಒಪ್ಪಿಕೊಂಡರು. “ಬರೀ ಸುಳ್ಳು ಕೊಟ್ರೆ ಯಾರಮ್ಮಾ ನಂಬ್ತಾರೆ? ನಡುನಡುವೆ ಒಂದು ನಿಜ ಹಾಕ್ಬೇಕು,” ಎಂದರು, ಸಾರಿಗೆ ಉಪ್ಪು ಹಾಕುವ ಮಾತಿನಷ್ಟು ಸಲೀಸಾಗಿ. ಮೊದಮೊದಲು ಯಾವ ನಿಜ ಕೊಡಬೇಕೆಂದು ಇವರು ಆರಿಸುತ್ತಿದ್ದರಂತೆ. ಬರುಬರುತ್ತಾ ನೀನೇ ಆರಿಸತೊಡಗಿದೆಯಂತೆ, ಇವರನ್ನು ಕೇಳದೆ. ಹಾಗೆ ನೀನು ಕೊಟ್ಟದ್ದು ಗಡಿಯ ಠಾಣೆಗೆ ಹೋಗುವ ಲಾರಿಯ ದಾರಿ. ಆ ಲಾರಿಯಲ್ಲಿ ನಮ್ಮ ಎದುರುಮನೆಯವಳ ಗಂಡನಿದ್ದ, ವೈರ್‌ಲೆಸ್ ಕೆಲಸದವನು, ರಜೆಗೆ ಬಂದಾಗಲೆಲ್ಲ ನಿನ್ನ ಹಳೆಯ ಸೈಕಲ್ಲಿಗೆ ಪಂಕ್ಚರ್ ಹಾಕಿಕೊಡುತ್ತಿದ್ದವನು. ಒಬ್ಬರೂ ಉಳಿಯಲಿಲ್ಲ. ಅಯ್ಯೋ ಪಾಪಿ, ಲಾರಿಯಲ್ಲಿ ಯಾರಿದ್ದಾರೆ ಎಂದು ಒಂದು ಮಾತು ವಿಚಾರಿಸಬಾರದಿತ್ತೇ?

ಅದು ನಿನ್ನಿಂದಾದದ್ದೆಂದು ಅವಳಿಗೆ ಇನ್ನೂ ಗೊತ್ತಿಲ್ಲ. ಬೆಳಿಗ್ಗೆ ಗೇಟಿನ ಹತ್ತಿರ ಸಿಕ್ಕಿ, “ತಮ್ಮನ ಸುದ್ದಿ ಏನಾದ್ರೂ ಬಂತಾ ಅಕ್ಕಾ?” ಎಂದು ನನ್ನನ್ನೇ ಕೇಳುತ್ತಾಳೆ. ಅವಳ ಮುಖ ನೋಡಲಾರದೆ ಕೈಯಲ್ಲಿರುವ ಬಕೆಟ್ಟು ನೋಡುತ್ತಾ ನಿಲ್ಲುತ್ತೇನೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂದು ಒಂದು ಮನಸ್ಸು ಹೇಳುತ್ತದೆ. ಸಿಕ್ಕಿಬಿದ್ದರೆ ಗುಂಡಿಟ್ಟು ಕೊಲ್ಲುತ್ತಾರಲ್ಲ ಎಂದು ಇನ್ನೊಂದು ಮನಸ್ಸು ಬಾಯಿ ಬಡಿದುಕೊಳ್ಳುತ್ತದೆ. ನಿನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಕಣೋ ನಾನು. ಎದುರಿಗೆ ಸಿಕ್ಕಿದ್ದರೆ ಮೊದಲು ಕೆನ್ನೆಗೆ ಬಾರಿಸಿ, ಆಮೇಲೆ ಊಟಕ್ಕೆ ಬಡಿಸುತ್ತಿದ್ದೆ.

ದೇವರು ನಿನಗೆ ಒಳ್ಳೆಯ ಬುದ್ಧಿ ಕೊಡಲಿ. ಆಯುಸ್ಸು ಕೊಡು ಎಂದು ಕೇಳಲು ನಾಚಿಕೆಯಾಗುತ್ತದೆ, ಆದರೂ ಕೇಳಿದ್ದೇನೆ.

ನಿನ್ನ
ಅಕ್ಕ

ತಾ.ಕ.: ನರ್ಸು ಬಾಗಿಲಲ್ಲಿ ಕಾಯುತ್ತಿದ್ದಾಳೆ, ಬೇಗ ಬರೆದುಬಿಡುತ್ತೇನೆ. ಇನ್ನು ಸ್ವಲ್ಪ ದಿನಕ್ಕೆ ಆ ಕಡೆಯ ನಿನ್ನ ಗೆಳೆಯರ ಕೈಯಿಂದ ನನ್ನದೇ ಇನ್ನೊಂದು ಕಾಗದ ಬರುತ್ತದೆ. ಅಮ್ಮನಿಗೆ ತೀರಾ ಜೋರಾಗಿದೆ, ನಿನ್ನನ್ನೇ ಕನವರಿಸುತ್ತಿದ್ದಾಳೆ, ಹೊರಟು ಬಾ ಎಂದಿರುತ್ತದೆ. ನಿನ್ನನ್ನು ಹಿಡಿಯಲೆಂದು ಮೇಜರ್ ಎದುರಿಗೆ ಕೂತು ಬರೆಸಿ, ಆ ಗೆಳೆಯರ ಕೈಗೆ ಸೇರುವ ಹಾಗೆ ಮಾಡಿದ್ದು. ಅದರಲ್ಲಿ ನನ್ನ ಅಕ್ಷರವೊಂದೇ ನಿಜ. ಅಮ್ಮ ಹೋಗಿಬಿಟ್ಟಳು ಕಣೋ, ಹೋದ ವಾರವೇ. ನಿನಗೆ ತಿಳಿಯಬಾರದೆಂದು ಮೇಜರ್ ಪತ್ರಿಕೆಯಲ್ಲಿ ನಿಧನದ ಸುದ್ದಿಯನ್ನೂ ಹಾಕಗೊಡಲಿಲ್ಲ. ಜೀವ ಹೋಗುವ ಹೊತ್ತಿಗೆ ನಾನು ಔಷಧಿ ತರಲು ಹೋಗಿದ್ದೆ. ಅಮ್ಮನ ತಲೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದವಳು, ಕೊನೆಗೆ ರೆಪ್ಪೆ ಮುಚ್ಚಿದವಳು ಎದುರುಮನೆಯವಳು. ಅಮ್ಮನಿಗಾಗಿ ಮೋಸಹೋಗಿ ಬರಬೇಡ. ಬರುವುದಾದರೆ ಎಲ್ಲ ಗೊತ್ತಿದ್ದೇ ಬಾ, ಬಂದು ಮೊದಲು ಅವಳ ಬಾಗಿಲು ತಟ್ಟು.