ಕೆನ್ನೆಯ ಮೇಲಿನ ಕಾಮಾಲೆ ಬರೆ

ಬೈರಕೂರು
೯-೮-೧೯೭೯

ಪ್ರೀತಿಯ ಅತ್ತಿಗೆ ಗಂಗಳಿಗೆ,

ನಿನ್ನ ನಾದಿನಿ ಅನಸೂಯ ಬರೆಯುವ ಕಾಗದ. ನಾವೆಲ್ಲ ಚೆನ್ನಾಗಿದ್ದೇವೆ. ನೀವೂ ಚೆನ್ನಾಗಿರಿ ಎಂದು ಬರೆಯುವುದು ರೂಢಿ, ಬರೆದಿದ್ದೇನೆ. ನಿನ್ನ ಕಾಗದ ಬಂದು ಬಹಳ ದಿನವಾಯಿತು, ಉತ್ತರ ತಡವಾಯಿತೆಂದು ಬೇಸರ ಮಾಡಿಕೊಳ್ಳಬೇಡ. ಸೋಮಾರಿತನದಿಂದ ತಡ ಮಾಡಲಿಲ್ಲ. ಕಾಯುತ್ತಿದ್ದೆ.

ಇಲ್ಲಿ ಮಳೆ ಪರವಾಗಿಲ್ಲ, ರಾಗಿ ಪೈರು ಎದ್ದಿದೆ. ಇವರು ಬೆಳಗಾದರೆ ಟೊಮೇಟೊ ಹೇರಿಕೊಂಡು ನಂಗಲಿಗೆ ಹೋಗಿ ಲಾರಿಗೆ ಹಾಕಿ ಬರುತ್ತಾರೆ. ನಿನ್ನ ಸೊಸೆ, ನನ್ನ ಮಗಳು ಶ್ಯಾಮಲ ಹೊಟ್ಟೆ ತುಂಬ ಉಣ್ಣುತ್ತಿದ್ದಾಳೆ. ಮದುವೆಯಾದ ಮೊದಲ ಆಷಾಢಕ್ಕೆ ತವರಿಗೆ ಬಂದ ಹುಡುಗಿ ಶ್ರಾವಣ ಬಂದರೂ ಯಾಕೆ ಹೊರಟಿಲ್ಲ ಎಂದು ಬೀದಿಯ ಹೆಂಗಸರು ಕೇಳುತ್ತಿದ್ದಾರೆ. ನಾನು ನಕ್ಕು ಮಾತು ತಿರುಗಿಸುತ್ತೇನೆ.

ನಿನ್ನ ಕಾಗದವನ್ನು ಮತ್ತೆ ಮತ್ತೆ ಓದಿದೆ. ಶ್ಯಾಮಲನಿಗೆ ಕಾಮಾಲೆಯಾಗಿ ಬರೆ ಹಾಕಬೇಕಾಯಿತು ಎಂದು ಬರೆದಿದ್ದೀಯೆ. ಮಾಲೂರಿನವರು ನಿನ್ನ ಮಗಳನ್ನು ನೋಡಲು ಬರುವವರಿದ್ದಾರೆ, ಸೊಸೆಯ ಕೆನ್ನೆಯಲ್ಲಿ ಕಲೆ ಕಂಡರೆ ನಾಲ್ಕು ಮಾತು ಹುಟ್ಟುತ್ತದೆ, ಅಷ್ಟರೊಳಗೆ ಮನೆಮದ್ದು ಹಚ್ಚಿ ಮಾಯಿಸಿ ಕಳಿಸು ಎಂದಿದ್ದೀಯೆ. ಯಾರಾದರೂ ಕೇಳಿದರೆ ಏನು ಹೇಳಬೇಕೆಂದು ಹುಡುಗಿಗೆ ಹೇಳಿಕೊಟ್ಟಿದ್ದೇನೆ ಎಂದೂ ಸೇರಿಸಿದ್ದೀಯೆ. ಎಷ್ಟು ಮುಂದಾಲೋಚನೆ ನಿನಗೆ!

ಮದ್ದು ನನಗೆ ಗೊತ್ತು ಕಣೇ. ಅದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮುಳಬಾಗಿಲಿನ ಶಾಲೆಯಲ್ಲಿ ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂರುತ್ತಿದ್ದಾಗ ನಿನಗೆ ಅಮ್ಮನ ಗುಳ್ಳೆ ಎದ್ದು ಮುಖವೆಲ್ಲ ಕಪ್ಪು ಕಲೆಯಾಗಿತ್ತು. ಕನ್ನಡಿ ನೋಡಿ ಅಳುತ್ತಿದ್ದೆ. ದಿನಾ ಎಳನೀರಿನಲ್ಲಿ ಮುಖ ತೊಳೆಸಿದವಳು ನಾನು. ಹಾಲಿನ ಕೆನೆಯಲ್ಲಿ ಕಸ್ತೂರಿ ಅರಿಶಿನ ಕಲಸಿ, ಸಾಣೆಕಲ್ಲಿನ ಮೇಲೆ ರಕ್ತಚಂದನ ತೇಯ್ದು ಹಚ್ಚಿದವಳು ನಾನು. ತಿಳಿಯಾದ ಆ ಮುಖವನ್ನು ನೋಡಿಯೇ ನನ್ನ ಅಣ್ಣ ನಿನ್ನನ್ನು ಒಪ್ಪಿದ. ಆಮೇಲೆ ನಿನ್ನ ಮಗ ಕದಿರೇಶನಿಗೆ ನನ್ನ ಮಗಳನ್ನು ಕೊಟ್ಟೆ. ಅಣ್ಣನ ಮನೆ, ಗೆಳತಿಯೇ ಅತ್ತೆ, ಇನ್ನೇನು ಚಿಂತೆ ಎಂದು ಹಾಲು ಕುಡಿದಷ್ಟು ಸಂತೋಷಪಟ್ಟೆ.

ಶ್ಯಾಮಲ ಬಂದ ದಿನ ಸೆರಗನ್ನು ಕೆನ್ನೆಗೆ ಒತ್ತಿಕೊಂಡೇ ಒಳಗೆ ಬಂದಳು. ಕೇಳಿದರೆ, "ಅತ್ತೆ ಕಾಮಾಲೆಗೆ ಹಾಕಿದ್ರು ಕಣಮ್ಮ" ಎಂದು ಗಿಳಿಪಾಠ ಒಪ್ಪಿಸಿದಳು.

"ಕಾಮಾಲೆಗೆ ಮುಂಗೈ ಮೇಲೆ ಸುಡ್ತಾರೆ ಕಣೇ, ಅದೂ ಅರಿಶಿನದ ಕೊಂಬಲ್ಲಿ. ಕೆನ್ನೆಗೆ ಯಾವ ಕಾಮಾಲೆ ಬರ್ತೈತೆ?" ಎಂದೆ. ಆಗ ಅತ್ತಳು. ಮಳೆಯಲ್ಲಿ ನೆನೆದ ಹಿಪ್ಪುನೇರಳೆ ಸೊಪ್ಪನ್ನು ಒರೆಸದೆ ಹಾಕಿದಳಂತೆ, ಒಂದು ತಟ್ಟೆ ರೇಷ್ಮೆ ಹುಳು ಸತ್ತವಂತೆ. ಕದಿರೇಶ ಸಂತೆಗೆ ಹೋಗಿದ್ದನಂತೆ. ನೀನು ಒಲೆಯೊಳಗಿಂದ ದೋಸೆ ಮಗುಚುವ ಕೈ ತೆಗೆದೆಯಂತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎನ್ನುತ್ತಾರೆ. ನಿನ್ನ ಮನೆಯಲ್ಲಿ ಹುಳು ಸತ್ತರೆ ಸೊಸೆಗೆ ಬರೆ.

ಉರಿ ಇಳಿಯುವವರೆಗೆ ಲೋಳೆಸರದ ತಿರುಳು ಹಚ್ಚಿದೆ. ಗಾಯ ಮಾಗಿತು. ಕಲೆ ಹೋಗುವ ಮದ್ದನ್ನು ಮಾತ್ರ ತೇಯಲಿಲ್ಲ. "ಅದನ್ನೂ ಹಚ್ಚಮ್ಮ, ನೀರಿಗೆ ಹೋಗಕ್ಕೆ ನಾಚಿಕೆ ಆಗ್ತೈತೆ" ಎಂದು ಮಗಳು ಬೇಡಿಕೊಂಡಳು. "ಇನ್ನೊಂಚೂರು ದಿನ ಇರ್ಲಿ ಕಣೇ" ಎಂದೆ. ಹಚ್ಚಲಿಲ್ಲ.

ಯಾಕೆಂದರೆ ನಮ್ಮ ಕಡೆಯ ಪದ್ಧತಿ ನಿನಗೆ ಮರೆತರೂ ನನಗೆ ಮರೆತಿರಲಿಲ್ಲ. ಹೆಣ್ಣು ತರುವವರು ಮೊದಲು ಆ ಮನೆಗೆ ಹೆಣ್ಣು ಕೊಟ್ಟವರ ಬಾಗಿಲಿಗೆ ಹೋಗಿ ವಿಚಾರಿಸುತ್ತಾರೆ. ಮಾಲೂರಿನವರು ನಿನ್ನ ಮನೆಗೆ ಯಾಕೆ ಬರಲಿಲ್ಲವೆಂದು ತಲೆ ಕೆಡಿಸಿಕೊಂಡಿರಬೇಕು. ಅವರು ನನ್ನ ಮನೆಗೆ ಬಂದಿದ್ದರು ಗಂಗ.

ಹುಡುಗನ ತಾಯಿ ಅಕ್ಕಯಮ್ಮ, ಅವರ ಯಜಮಾನರು, ಇಬ್ಬರೂ ಸಾಧು ಜನ. ಚಾಪೆ ಹಾಸಿದೆ. ನಿಮ್ಮ ಮನೆಯ ಬಗ್ಗೆ ಕೇಳಿದರು. ನಿನ್ನ ಮೇಲೆ ಒಂದೇ ಒಂದು ಕೆಟ್ಟ ಮಾತು ಆಡಲಿಲ್ಲ, ಬೇಕಾದರೆ ವಿಚಾರಿಸಿ ನೋಡು. "ಹುಡ್ಗಿ ಚಿನ್ನದಂಥವಳು, ಬಿಡ್ಬೇಡಿ" ಎಂದೆ. ಆಮೇಲೆ ಒಳಗೆ ತಿರುಗಿ, "ಶ್ಯಾಮಲ, ಕಾಫಿ ತಗೊಂಬಾ" ಎಂದು ಕೂಗಿದೆ.

ಲೋಟ ತೆಗೆದುಕೊಳ್ಳಲು ಮುಖವೆತ್ತಿದ ಅಕ್ಕಯಮ್ಮನವರ ಕೈ ಹಾಗೆಯೇ ನಿಂತಿತು. "ಏನಮ್ಮಾ ಇದು?" ಎಂದರು.

ನಿನ್ನ ಸೊಸೆ ನೀನು ಹೇಳಿಕೊಟ್ಟದ್ದನ್ನೇ ಹೇಳಿದಳು. "ಕಾಮಾಲೆ ಆಗಿತ್ತು. ನಮ್ಮತ್ತೆ ಬರೆ ಹಾಕಿದ್ರು."

"ಕಾಮಾಲೆಗೆ ಕೆನ್ನೆ ಮೇಲಾ?" ಅಕ್ಕಯಮ್ಮ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಅವರು ಲೋಟವನ್ನು ಮುಟ್ಟದೆ ಗಂಡನ ಕಡೆ ತಿರುಗಿ, "ಲೇವಂಡಿ, ಪೋದಾಂ" ಎಂದು, ಏಳಿ ಹೋಗೋಣವೆಂದು, ತೆಲುಗಿನಲ್ಲಿ ಹೇಳಿ ಎದ್ದೇಬಿಟ್ಟರು. ಹೊಸಿಲು ದಾಟುವಾಗ ಶ್ಯಾಮಲನ ತಲೆ ಸವರಿದರು.

ನಿನ್ನ ಮಗಳು ಮಾಡಿದ ಪಾಪವೇನು ಎಂದು ಕೇಳುತ್ತೀಯೆ. ನನ್ನ ಮಗಳು ಮಾಡಿದ್ದೇನು? ಹೆತ್ತ ಹೊಟ್ಟೆ ಉರಿಯುವುದು ಹೇಗೆಂದು ನಿನಗೆ ತಿಳಿಯಬೇಕಿತ್ತು, ತಿಳಿಯಿತು. ಆ ಸಂಜೆಯೇ ಕಸ್ತೂರಿ ಅರಿಶಿನ ಅರೆದು ಮಗಳ ಕೆನ್ನೆಗೆ ಹಚ್ಚಿದೆ. ಇನ್ನು ದಿನಾ ಹಚ್ಚುತ್ತೇನೆ, ಆದರೆ ನಿನ್ನ ಮನೆಗೆ ಕಳಿಸುವುದಕ್ಕಲ್ಲ. ಕದಿರೇಶನಿಗೆ ಹೆಂಡತಿ ಬೇಕಿದ್ದರೆ ಇಲ್ಲಿಗೆ ಬರಲಿ, ಬೇರೆ ಮನೆ ಮಾಡಲಿ.

ಅಣ್ಣ ಸಾಧು, ಅವನಿಗೆ ಇದೊಂದೂ ತಿಳಿದಿರಲಾರದು. ಅವನಿಗೆ ನನ್ನ ನಮಸ್ಕಾರ ತಿಳಿಸು. ನಿನ್ನ ಮಗಳಿಗೆ ಆಶೀರ್ವಾದ. ದೋಸೆ ಮಗುಚುವ ಕೈಯನ್ನು ದೋಸೆಗೆ ಮಾತ್ರ ಇಟ್ಟುಕೊಂಡಿರುವ ಮನೆ ಆ ಕೂಸಿಗೆ ಸಿಗಲಿ.

ಇಂತಿ ನಿನ್ನ ಹಳೆಯ ಗೆಳತಿ,
ಅನಸೂಯ

ತಾ.ಕ.: ಕಾಗದ ಮಡಿಸಿ ಅಂಟು ಹಚ್ಚಲು ಹೊರಟಾಗ ಶ್ಯಾಮಲ ಪಕ್ಕದಲ್ಲೇ ಕುಳಿತಿದ್ದಳು. "ಕಾಯ್ದ ಕಬ್ಬಿಣ ಹಿಡ್ಕೊಂಡು ಬಂದ್ರೆ ಓಡೋಗ್ಬಾರ್ದಾಗಿತ್ತೇನೇ ದಡ್ಡಿ?" ಎಂದು ಗದರಿದೆ. ಅವಳು, "ಹೆಂಗೆ ಓಡ್ಲಿ? ಮಾವ ನನ್ನ ಎರಡೂ ಕೈ ಹಿಡ್ಕೊಂಡಿದ್ರು. ನಿಂಗೆ ಹೇಳ್ಬಾರ್ದು ಅಂತಿದ್ದೆ ಕಣಮ್ಮ" ಎಂದಳು. ನಿನ್ನ ಮೇಲಿನ ಸೇಡು ತೀರಿತು ಗಂಗ. ಒಡಹುಟ್ಟಿದವನ ಮೇಲೆ ಹೇಗೆ ತೀರಿಸಿಕೊಳ್ಳಬೇಕೋ ನನಗೆ ಗೊತ್ತಾಗುತ್ತಿಲ್ಲ. ಈ ಸಲ ಗೌರಿ ಹಬ್ಬಕ್ಕೆ ಸೀರೆ ಹಿಡಿದುಕೊಂಡು ನನ್ನ ಬಾಗಿಲಿಗೆ ಬರಬೇಡ ಎಂದು ಅವನಿಗೆ ಹೇಳು. ಬೀದಿಯವರು ಕೇಳಿದರೆ ನನಗೆ ತವರಿಲ್ಲ ಎಂದು ಹೇಳುತ್ತೇನೆ.