ಎರಡನೆಯ ಸರ್ಟಿಫಿಕೇಟ್

ಶಿರಾಳಕೊಪ್ಪ,
ಸೋಮವಾರ

ಡಾಕ್ಟರ್ ಅವರಿಗೆ ನಮಸ್ಕಾರ.

ನಾನು ಬಸವಣ್ಣೆಮ್ಮನ ಮಗಳು. ಅಮ್ಮನ ಆರೈಕೆಗೆಂದು ಕೆನಡಾದಿಂದ ಬಂದವಳು, ಅಲ್ಲಿನ ಕಾನೂನು ಒಪ್ಪುವುದಕ್ಕಿಂತ ಹೆಚ್ಚು ಕಾಲ ಇಲ್ಲೇ ಉಳಿದುಬಿಟ್ಟೆ. ತಕ್ಕ ಕಾರಣ ತೋರಿಸದಿದ್ದರೆ ಅಲ್ಲಿ ಕಾಯಂ ನೆಲೆಸುವ ಹಕ್ಕು ಹೋಗುತ್ತದೆ. ಗಂಡ, ಮಗಳು ಅಲ್ಲಿದ್ದಾರೆ.

ನೀವು ಕೊಟ್ಟ ಸರ್ಟಿಫಿಕೇಟಿನಲ್ಲಿ 'ಚೇತರಿಸಿಕೊಳ್ಳುತ್ತಿದ್ದಾರೆ' ಎಂದಿದೆ. ಅಮ್ಮ ಎದುರಿಗೇ ಕೂತಿದ್ದಳು, ಬೇರೆ ಬರೆಯಲು ನಿಮಗೆ ಮನಸ್ಸು ಬರಲಿಲ್ಲ. ಬೇಸರವಿಲ್ಲ. ಆದರೆ ಚೇತರಿಸಿಕೊಳ್ಳುತ್ತಿದ್ದರೆ ನಾನೇಕೆ ಇಲ್ಲಿದ್ದೇನೆ ಎಂದು ಅಲ್ಲಿನ ನನ್ನ ವಕೀಲರು ಕೇಳುತ್ತಾರೆ. ಅಂದು ಅದನ್ನು ಕೊಟ್ಟ ಮೇಲೆ ನನ್ನನ್ನು ಹೊರಗೆ ಕರೆದು ಹೇಳಿದಿರಲ್ಲ, ಅದನ್ನೇ ಬರೆದುಕೊಡಿ. ಲಕೋಟೆ ಅಂಟಿಸಿಡಿ, ನಾನೊಬ್ಬಳೇ ಬರುತ್ತೇನೆ.

ಹಳೆಯದನ್ನು ಮಾತ್ರ ವಾಪಸ್ ಕೇಳಬೇಡಿ. ಅಮ್ಮ ಅದನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದಾಳೆ. ಬಂದವರಿಗೆಲ್ಲ ತೆಗೆದು ತೋರಿಸುತ್ತಾಳೆ: "ಡಾಕ್ಟ್ರೇ ಬರ್ದಾರೆ ನೋಡ್ರೀ, ಇನ್ನು ಇವಳನ್ನ ಕಳಿಸಬಹುದು."

ಇಂತಿ,
ಶೈಲಜಾ