ಹೊಳೆ ದಾಟಿ ಬಂದ ಕೂಸು

ಸುರಪುರ,
ಜೂನ್ ೨೪, ಮಂಗಳವಾರ

ಮುದ್ದು ಮಗಳು ರಾಧಿಕಾಗೆ ನಿಮ್ಮವ್ವನ ನೂರು ಮುತ್ತು.

ಮೊದಲು ಇದನ್ನು ಓದಿ ಉಸಿರು ಬಿಡು: ನಾವೆಲ್ಲ ಜೀವಂತ ಇದ್ದೇವೆ. ನೀನು ಅತ್ತಿಯಾದಿ. ನಿಮ್ಮಣ್ಣ ಮರಿಲಿಂಗನಿಗೆ ಹೆಣ್ಣು ಕೂಸು ಹುಟ್ಟಿದೆ. ಇಲ್ಲಿನ ಆಸ್ಪತ್ರೆಯ ಮಂಚದ ಮೇಲೆ ಕೂತು ಬರೆಯುತ್ತಿದ್ದೇನೆ. ನನ್ನ ಫೋನು ಹೊಳೆ ಪಾಲಾಯಿತು, ಮರಿಲಿಂಗನದೂ ನೀರು ಕುಡಿದು ಸತ್ತಿದೆ. ನಿನ್ನ ನಂಬರ್ ಇಬ್ಬರಿಗೂ ಬಾಯಿಪಾಠ ಇಲ್ಲ. ಆಶಾ ಕೆಲಸದ ಖಾಸಿಂಬೀ ನಾಳೆ ಯಾದಗಿರಿಗೆ ಮೀಟಿಂಗಿಗೆ ಬರುತ್ತಾಳೆ. ನಿನ್ನ ಹಾಸ್ಟೆಲಿಗೆ ಇದನ್ನು ಮುಟ್ಟಿಸುತ್ತೇನೆ ಅಂದಿದ್ದಾಳೆ.

ನೀನು ಸಣ್ಣಾಕಿದ್ದಾಗ ಹೊಳೆ ಬರುವುದಕ್ಕೊಂದು ಹೊತ್ತಿತ್ತು. ಪಂಚಮಿ ಆಸುಪಾಸು ಕೆಂಪು ನೀರು ಬರುತ್ತಿತ್ತು. ಜೋಳ, ಉಪ್ಪು, ಕಟ್ಟಿಗೆ ಕೂಡಿಟ್ಟುಕೊಂಡು ಗಡ್ಡಿಯ ಮೇಲೆ ಇಳಿತಕ್ಕೆ ಕಾಯುತ್ತಿದ್ದೆವು. ಸುತ್ತ ನೀರು, ನಡುವೆ ನಮ್ಮೂರು. ಈಗೀಗ ಹೊಳೆಗೆ ಹೊತ್ತೂ ಇಲ್ಲ ಗೊತ್ತೂ ಇಲ್ಲ. ಈ ಸಲ ಕಾರಹುಣ್ಣಿಮೆ ಕಳೆದು ಎಷ್ಟು ದಿನ ಆಗಿತ್ತು? ಮೇಲೆ ಎಲ್ಲೋ ಮಳೆ ಸುರಿಯಿತಂತೆ, ಡ್ಯಾಮಿನ ಗೇಟು ತೆಗೆದರು. ಮೊನ್ನೆ ಭಾನುವಾರ ಇಲ್ಲಿ ಸುಡುಸುಡು ಬಿಸಿಲು. ಹನಿ ಮಳೆಯಿಲ್ಲದೆ ಹೊಳೆ ಏರುತ್ತಿತ್ತು. ಮಧ್ಯಾಹ್ನಕ್ಕೆ ಸೇತುವೆ ಮುಳುಗಿತು.

ಅದೇ ಹೊತ್ತಿಗೆ ನಿಮ್ಮತ್ತಿಗೆ ನಾಗಲಕ್ಷ್ಮಿಗೆ ಹೆರಿಗೆ ಬ್ಯಾನಿ ಶುರುವಾಯಿತು. ದಿನ ತುಂಬಿರಲಿಲ್ಲ. ಮುಂದಿನ ವಾರ ಗೋಗಿಗೆ, ಅವಳ ತವರಿಗೆ ಕಳಿಸುವುದಿತ್ತು. ಹೊಳೆಗೂ ಅವಸರ, ಕೂಸಿಗೂ ಅವಸರ. ಬೋಟು ಬರುತ್ತದೆಂದು ಕಾದೆವು, ಬರಲಿಲ್ಲ. ಅವಳ ಸೀರೆಗೆ ರಕ್ತ ಕಂಡ ಮೇಲೆ ನಾನೇ ಹರಗೋಲಿನ ಮೌಲಾಲಿಯ ಮನೆಗೆ ಓಡಿದೆ. ಅವನು ಹೊಳೆ ನೋಡಿದ, ನನ್ನ ಮುಖ ನೋಡಿದ. “ಅಕ್ಕಾ, ಇಂಥಾ ನೀರಾಗ ನಾ ಎಂದೂ ಹರಗೋಲ ಇಳಿಸಿಲ್ಲ. ದಂಡಿ ಮುಟ್ಟಸ್ತೀನಿ ಅಂತ ಮಾತ ಕೊಡಾಂಗಿಲ್ಲ” ಅಂದ. ನಿಮ್ಮಪ್ಪ ಬೇಡವೇ ಬೇಡ ಅಂದರು. ನಾಗಲಕ್ಷ್ಮಿಯೇ ಗೋಡೆ ಹಿಡಿದು ಎದ್ದು ನಿಂತು, “ಇಲ್ಲೇ ಬಿದ್ದು ಸಾಯೂದಕ್ಕಿಂತ ಹೋಗೂಣು ನಡೀರಿ ಅತ್ತಿ” ಅಂದಳು.

ನಾವಿಬ್ಬರೂ ಹರಗೋಲಿನಲ್ಲಿ ಕೂತೆವು, ಮೌಲಾಲಿ ಹುಟ್ಟು ಹಿಡಿದ. ಮರಿಲಿಂಗ ತೇಲಲೆಂದು ಒಣ ಸೋರೆಬುರುಡೆ ನಡುವಿಗೆ ಕಟ್ಟಿಕೊಂಡು, ಹರಗೋಲಿನ ಹಗ್ಗ ಹಿಡಿದು ಪಕ್ಕದಲ್ಲೇ ಈಜುತ್ತಿದ್ದ. ನಡುಹೊಳೆಯಲ್ಲಿ ಹರಗೋಲು ಗಿರಗಿರ ತಿರುಗಿತು. ನಾನು ಕಣ್ಣು ಮುಚ್ಚಿಬಿಟ್ಟೆ. ಅಂಗನವಾಡಿಯಲ್ಲಿ ಊರ ಮಕ್ಕಳಿಗೆಲ್ಲ ಧೈರ್ಯ ಹೇಳುವವಳು ನಾನು, ಒಂದು ದೇವರ ಹೆಸರೂ ಬಾಯಿಗೆ ಬರಲಿಲ್ಲ. ಬ್ಯಾನಿ ತಿನ್ನುತ್ತಿದ್ದವಳೇ ನನ್ನ ಗದ್ದ ಹಿಡಿದು, “ಕಣ್ಣ ತೆರೀರಿ ಅತ್ತಿ, ನೀವು ಮುಚ್ಚಿದ್ರ ನನಗ ಇನ್ನಷ್ಟು ಅಂಜಿಕಿ ಆಗ್ತದ” ಅಂದಳು. ತೆರೆದೆ. ಅವಳ ಬೆನ್ನ ಹಿಂದೆ, ಬೇರುಸಮೇತ ಕಿತ್ತ ಜಾಲಿಮರವೊಂದು ನಮ್ಮ ಕಡೆಗೇ ಬರುತ್ತಿತ್ತು. ಮರಿಲಿಂಗ ಹಗ್ಗ ಬಿಟ್ಟು ಎರಡೂ ಕೈಯಿಂದ ಅದನ್ನು ಆಚೆ ತಳ್ಳಿದ. ಮರ ನಮ್ಮನ್ನು ಸವರಿಕೊಂಡು ಹೋಯಿತು. ಅದರ ಸಂಗಡ ಅವನೂ ಹೋದ.

ನಾಗಲಕ್ಷ್ಮಿ ನೋಡಲಿಲ್ಲ. ಮೌಲಾಲಿ ನೋಡಿದ, ಹುಟ್ಟು ಹಾಕುತ್ತಲೇ ಇದ್ದ. ದಂಡೆ ಮುಟ್ಟಿದಾಗ ಅವಳು ಗಂಡನನ್ನು ಕೇಳಿದಳು. “ಹರಗೋಲ ಕಟ್ಟಾಕತ್ತಾನ, ಹಿಂದ ಬರ್ತಾನ” ಅಂದೆ. ಆಂಬುಲೆನ್ಸಿನಲ್ಲಿ ಮತ್ತೆ ಕೇಳಿದಳು. ಹೆರಿಗೆ ಕೋಣೆಯ ಬಾಗಿಲಲ್ಲೂ ಕೇಳಿದಳು. ಒಂದೊಂದು ಸಲ ಒಂದೊಂದು ಸುಳ್ಳು ಹೇಳಿದೆ. ಕೂಸು ಅತ್ತಿತು, ನರ್ಸಮ್ಮ ತಂದು ನನ್ನ ಕೈಗಿಟ್ಟಳು. ಬೆಲ್ಲದಚ್ಚಿನಷ್ಟು ಇದ್ದಾಳೆ ನೋಡು. ಅಪ್ಪನಿಲ್ಲದ ಕೂಸೋ ಅಪ್ಪನಿರುವ ಕೂಸೋ ಗೊತ್ತಿಲ್ಲದೆ ಅದನ್ನು ಎದೆಗೊತ್ತಿಕೊಂಡು ಬಾಗಿಲು ನೋಡುತ್ತ ಕೂತೆ.

ಮರುದಿನ ಊಟದ ಹೊತ್ತಿಗೆ ಬಂದ. ಯಾರದೋ ಲುಂಗಿ, ಮೈತುಂಬ ಮುಳ್ಳಿನ ಗೀರು. ಕೆಳಗಿನ ಊರಿನ ಮೀನು ಹಿಡಿಯುವವರು ಮರದ ಸಮೇತ ಎಳೆದು ಹಾಕಿದರಂತೆ. ಮಗಳಿಗೆ ಕೈ ಚಾಚಿದವನು, ಗೀರುಗಳಿಂದ ರಕ್ತ ಒಸರುವುದು ಕಂಡು ಹಿಂದೆ ತೆಗೆದುಕೊಂಡ. ಆಗ ನಾಗಲಕ್ಷ್ಮಿಗೆ ಎಲ್ಲ ತಿಳಿಯಿತು. ನನ್ನ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು.

ನಿಮ್ಮಪ್ಪ ಎಮ್ಮೆಗಳ ಸಂಗಡ ಗಡ್ಡಿಯ ದಿಬ್ಬದ ಮೇಲಿದ್ದಾರೆ. ಆರಾಮ ಇದ್ದಾರೆಂದು ಬೋಟಿನವರು ಹೇಳಿದರು. ನೀರಿಳಿದ ಮೇಲೆ ಎಲ್ಲರೂ ಮನೆಗೆ ಹೋಗುತ್ತೇವೆ. ನೀನು ಅಂಜಬೇಡ, ನಿನ್ನ ನರ್ಸಿಂಗ್ ಪರೀಕ್ಷೆ ಚೆನ್ನಾಗಿ ಬರಿ. ಸೊಸೆಯ ತಲೆಗೊಂದು ಕುಂಚಿಗಿ ಹೊಲಿಸಿ ಕಳಿಸು.

ಹೊಟ್ಟೆ ತುಂಬ ಉಣ್ಣು ಅನ್ನುವ
ನಿಮ್ಮವ್ವ,
ಭಾರತಿ

ತಾ.ಕ.: ಇಷ್ಟು ಹೊತ್ತು ಮರಿಲಿಂಗ ಪಕ್ಕದಲ್ಲಿ ಕೂತಿದ್ದ. ಈಗ ಚಹಾ ತರಲು ಹೋಗಿದ್ದಾನೆ, ಅದಕ್ಕೇ ಇಷ್ಟು ಬರೆಯುತ್ತೇನೆ. ರಾಧಿಕಾ, ನಾನು ಇನ್ನು ಗಡ್ಡಿಗೆ ಹೋಗಲಾರೆ. ಇಲ್ಲಿ ಯಾರಾದರೂ ನಳ ಬಿಟ್ಟರೆ ಸಾಕು, ಮಂಚದ ಸರಳು ಹಿಡಿದುಕೊಳ್ಳುತ್ತೇನೆ. ನಿಮ್ಮಪ್ಪನಿಗೆ ಹೇಗೆ ಹೇಳಲಿ, ತಿಳಿಯದು. ಅಲ್ಲಿ ನಮಗೊಂದು ಖೋಲಿ ನೋಡು, ಸಣ್ಣದಿದ್ದರೂ ನಡೆಯುತ್ತದೆ. ಯಾದಗಿರಿಯಲ್ಲೂ ಭೀಮಾ ಹೊಳೆ ಇದೆಯಲ್ಲ, ಅದು ಕಾಣದ ಓಣಿಯಲ್ಲಿ ನೋಡು.